ಏನು ಕೊಯ್ಯೋಕೆ ಈ ಚಾಕು?

2025ರ ಜನವರಿ. ತೋಟದಲ್ಲಿ ರೋಬಸ್ಟಾ ಕಾಫಿಯ ಕೊಯ್ಲು ಶುರುವಾಗಿತ್ತು. ನಾನು ಹಾಸನದ ಒಂದು ಖಾಸಗಿ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಸಂಜೆ ಸಕಲೇಶಪುರದ ಬಸ್ಸು ಹತ್ತಿ, ಬಾಳ್ಳುಪೇಟೆ ದಾಟಿದ ಮೇಲೆ ನಮ್ಮ ರಸ್ತೆ ಒಡೆಯುವಲ್ಲಿ ಇಳಿಯುತ್ತೇನೆ. ಅಲ್ಲಿಂದ ಮನೆಗೆ ಒಂದೂವರೆ ಕಿಲೋಮೀಟರ್ ನಡಿಗೆ. ಎರಡೂ ಕಡೆ ಕಾಫಿ, ಮೇಲೆ ಸಿಲ್ವರ್ ಮರ, ಅದಕ್ಕೆ ಹಬ್ಬಿದ ಮೆಣಸು. ಹದಿನಾಲ್ಕು ವರ್ಷದಿಂದ ಅದೇ ದಾರಿ. ಆನೆ ಬಂದಿದೆ ಅಂದಾಗ ಹೆದರಿದ್ದೇನೆ. ಮನುಷ್ಯರಿಗೆ ಹೆದರಿದ್ದಿಲ್ಲ.

ಅವತ್ತು ಬಸ್ಸು ತಡವಾಗಿ ಬಂತು. ಇಳಿದಾಗ ಏಳೂವರೆ, ಪೂರ್ತಿ ಕತ್ತಲೆ. ಅರ್ಧ ದಾರಿಯಲ್ಲಿ ಒಂದು ಬೈಕು ನನ್ನನ್ನು ದಾಟಿ ಹೋಯಿತು. ಇಬ್ಬರಿದ್ದರು. ತಿರುವಿನಲ್ಲಿ ನಿಂತಿತು, ಮತ್ತೆ ತಿರುಗಿಸಿಕೊಂಡು ಬಂತು. ಈ ಸಲ ಹೆಡ್‌ಲೈಟ್ ಇರಲಿಲ್ಲ. "ಅಕ್ಕಾ, ಒಂದ್ನಿಮಿಷ ನಿಂತ್ಕಳಿ" ಅಂತ ಒಬ್ಬ ಕರೆದ. ದಾರಿ ಕೇಳುವವರ ದನಿ ಹಾಗಿರುವುದಿಲ್ಲ. ನಾನು ರಸ್ತೆ ಬಿಟ್ಟು ಗಿಡಗಳ ನಡುವೆ ನುಗ್ಗಿದೆ. ತೋಟದ ಕೂಲಿಯವರ ಲೈನ್ ಮನೆಗಳ ಬೆಳಕು ನೋಡಿಕೊಂಡು ಓಡಿದೆ. ಹಿಂದೆ ರೆಂಬೆ ಸರಿಸಿಕೊಂಡು ಬರುವ ಸದ್ದು ಸ್ವಲ್ಪ ದೂರ ಕೇಳಿತು. ಆಮೇಲೆ ಲೈನಿನ ನಾಯಿಗಳು ಬೊಗಳಿದವು. ಬೈಕು ಸ್ಟಾರ್ಟ್ ಆಗಿ ಹೊರಟು ಹೋಯಿತು.

ಕೈ ತುಂಬ ರೆಂಬೆ ಗೀರಿದ ಗುರುತು, ಒಂದು ಚಪ್ಪಲಿ ಇಲ್ಲ. ಅಷ್ಟೇ. ಲೈನಿನ ಹೆಂಗಸರು ಬೆಲ್ಲದ ಕಾಫಿ ಕೊಟ್ಟು, ನಾಲ್ಕು ಜನ ಸೇರಿ ಮನೆವರೆಗೆ ಬಿಟ್ಟು ಹೋದರು. ಮರುದಿನ ನಾನು, ನಮ್ಮನೆಯವರು ಠಾಣೆಗೆ ಹೋದೆವು. ಬೈಕಿನ ನಂಬರ್ ಇಲ್ಲ, ಮುಖ ನೋಡಿಲ್ಲ, ಏನೂ ಆಗಿಲ್ಲವಲ್ಲ ಅಂದರು. ಅರ್ಜಿ ಮಾತ್ರ ತೆಗೆದುಕೊಂಡರು. ಆ "ಏನೂ ಆಗಿಲ್ಲವಲ್ಲ" ಅನ್ನೋ ಮಾತು ನನ್ನನ್ನು ತುಂಬಾ ದಿನ ಕಾಡಿತು. ಒಂದು ವಾರ ರಾತ್ರಿ ನಿದ್ದೆ ಇಲ್ಲ. ಹೆಡ್‌ಲೈಟ್ ಆರಿದ ಬೈಕು ಕಣ್ಣ ಮುಂದೆ ಬರುತ್ತಿತ್ತು.

ಒಂದು ಚಾಕು ಇಟ್ಟುಕೊಳ್ಳಬೇಕು ಅಂತ ಅನಿಸಿದ್ದು ಆಗಲೇ.

ಮೊದಲು ಸಿಕ್ಕಿದ್ದು ಚಿಕ್ಕಪ್ಪನ ಮಗ ತಂದುಕೊಟ್ಟ ಬಟನ್ ಚಾಕು. ಒತ್ತಿದರೆ ಟಕ್ ಅಂತ ಅಲಗು ಈಚೆ ಬರುತ್ತದೆ. ನೋಡೋಕೆ ಚೆಂದ. ಮನೆಯಲ್ಲಿ ಅದರಲ್ಲಿ ಒಂದು ಅಡಿಕೆ ಪಟ್ಟೆ ಕೊಯ್ಯಲು ಹೋದೆ. ಒತ್ತಡ ಬಿದ್ದ ತಕ್ಷಣ ಅಲಗು ಹಿಂದಕ್ಕೆ ಮಡಚಿಕೊಂಡು ತೋರುಬೆರಳಿಗೆ ಕಚ್ಚಿತು. ಎರಡು ಹೊಲಿಗೆ ಬಿತ್ತು. ಮಡಚುವ ಚಾಕುವಿನ ಜೀವ ಇರುವುದು ಅದರ ಲಾಕಿನಲ್ಲಿ. ಲಾಕ್ ಸಡಿಲ ಇದ್ದರೆ ಅದು ಹಿಡಿದವರ ಬೆರಳನ್ನೇ ಮೊದಲು ಕೊಯ್ಯುತ್ತದೆ. ಅತ್ತೆ ಅದನ್ನು ಕಾಗದದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. "ಚಾಕು ಬೇಕಾದ್ರೆ ಕುಲುಮೆಗೆ ಹೋಗು. ಆಚಾರ್ರು ಮಾಡಿಕೊಟ್ಟಿದ್ದು ನಿಮ್ಮ ಮಾವನ ಕಾಲದಿಂದ ಇನ್ನೂ ಇದೆ" ಅಂದರು.

ಸಕಲೇಶಪುರದಿಂದ ಸ್ವಲ್ಪ ಒಳಗಿರುವ ಊರಿನಲ್ಲಿ ಆ ಕುಲುಮೆ. ಮರಗಸಿಯ, ಅಂದರೆ ನೆರಳಿನ ಮರದ ರೆಂಬೆ ಕಡಿಯುವ ಕತ್ತಿ, ಕುಡುಗೋಲು, ಗುದ್ದಲಿ, ಎಲ್ಲದಕ್ಕೂ ನಮ್ಮ ಕಡೆಯವರು ಅಲ್ಲಿಗೇ ಹೋಗುವುದು. ಆಚಾರ್ರಿಗೆ ಎಪ್ಪತ್ತು ಹತ್ತಿರ. ಮಗ ಸಮ್ಮಟಿಗೆ ಹೊಡೆಯುತ್ತಾನೆ. ಮೊದಲಿದ್ದ ತಿದಿ ಈಗ ಇಲ್ಲ, ಕರೆಂಟಿನ ಬ್ಲೋಯರ್ ಬಂದಿದೆ.

"ಒಂದು ಚಾಕು ಬೇಕಿತ್ತು ಆಚಾರ್ರೇ. ಗಟ್ಟಿಯಾಗಿ, ಕೈಚೀಲದಲ್ಲಿ ಇಡೋ ಹಾಗೆ" ಅಂದೆ.

"ಏನು ಕೊಯ್ಯೋಕವ್ವಾ?" ಅಂದರು.

ನಾನು ಸುಮ್ಮನಾದೆ. ಅವರೇ ವಿವರಿಸಿದರು. ಚಿಗುರು ತೆಗೆಯೋಕಾದರೆ ಅಲಗು ತೆಳ್ಳಗೆ, ಮೂತಿ ಸ್ವಲ್ಪ ಬಾಗಿರಬೇಕು. ಕಾಯಿ ಸುಲಿಯೋಕಾದರೆ ಬೆನ್ನು ದಪ್ಪ. ಕೋಳಿಗೆ ಬೇರೆ, ಮೀನಿಗೆ ಬೇರೆ. "ಕೆಲಸ ಹೇಳಿದ್ರೆ ಚಾಕುವಿನ ಆಕಾರ ತಾನಾಗೇ ಬರ್ತದೆ. ಕೆಲಸ ಹೇಳದಿದ್ರೆ ನಾನು ಏನಂತ ಬಡೀಲಿ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಅವರು ಇಕ್ಕುಳ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದ್ದು ಇಷ್ಟು: "ಮನುಷ್ಯರಿಗೆ ಅಂತ ನಾನು ಮಾಡಲ್ಲ ತಾಯಿ. ನಮ್ಮಪ್ಪನೂ ಮಾಡಿಲ್ಲ. ಕಾಫಿ ಗಿಡ ಸವರೋ ಕಸಿಗೆ ಅಂದ್ರೆ ಮಾಡ್ಕೊಡ್ತೀನಿ. ಯೋಚನೆ ಮಾಡಿ ಬಾ. ಮೊದ್ಲು ಯಾರಾದ್ರೂ ಲಾಯರ್ ಹತ್ರ ಮಾತಾಡು."

ನನಗೆ ಬೇಜಾರಾಯಿತು. ಆದರೆ ಹೇಳಿದ ಹಾಗೆ ಲಾಯರ್ ಹತ್ತಿರ ಹೋದೆ. ನನ್ನ ಅಕ್ಕನ ಜೊತೆ ಓದಿದವರು, ಹಾಸನದ ಕೋರ್ಟಿನಲ್ಲಿ ಇಪ್ಪತ್ತು ವರ್ಷದಿಂದ ಕ್ರಿಮಿನಲ್ ಕೇಸು ನಡೆಸುತ್ತಿದ್ದಾರೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವರ ಆಫೀಸಿನಲ್ಲಿ ಕೂತು ಮಾತಾಡಿದೆವು. ಅವರು ಕೇಳಿದ ಮೊದಲ ಪ್ರಶ್ನೆಯೂ ಅದೇ. "ಯಾಕೆ ಬೇಕು ಚಾಕು? ನಾಳೆ ಕೋರ್ಟಲ್ಲಿ ನಿನ್ನನ್ನ ಮೊದಲು ಕೇಳೋದೇ ಇದು."

ಅವರು ಹೇಳಿದ್ದನ್ನು ನನ್ನ ಲೆಕ್ಕದ ಪುಸ್ತಕದಲ್ಲೇ ಬರೆದುಕೊಂಡೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಆಯುಧ ಅಂದರೆ ಬಂದೂಕು ಮಾತ್ರ ಅಲ್ಲ, ಹರಿತವಾದ ಅಲಗೂ ಸೇರುತ್ತದೆ. ಆದರೆ ಮನೆಬಳಕೆಗೆ ಅಥವಾ ಬೇಸಾಯಕ್ಕೆ ಅಂತಲೇ ಮಾಡಿದ ವಸ್ತುಗಳನ್ನು ಆ ಕಾಯ್ದೆ ಹೊರಗಿಡುತ್ತದೆ. ನಮ್ಮ ಕೂಲಿಯವರು ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡು ರಸ್ತೆಯಲ್ಲಿ ನಡೆದರೂ ಯಾರೂ ತಡೆಯದೇ ಇರುವುದು ಅದಕ್ಕೇ. 2016ರ ನಿಯಮಗಳ ಪಟ್ಟಿಯಲ್ಲಿ ಅಳತೆಯೂ ಇದೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದು, ಅದು ಮನೆ, ಹೊಲದ ಕೆಲಸಕ್ಕೆ ಮಾಡಿದ್ದಲ್ಲ ಅಂದರೆ, ಕತ್ತಿ, ಕಠಾರಿಗಳ ಸಾಲಿಗೆ ಸೇರುತ್ತದೆ. ಆಗ ಲೈಸೆನ್ಸಿನ ಪ್ರಶ್ನೆ ಬರುತ್ತದೆ.

"ಹಾಗಾದ್ರೆ ಚಿಕ್ಕದಿದ್ರೆ ತೊಂದರೆ ಇಲ್ವಾ ಮೇಡಂ?" ಅಂದೆ.

"ಎಲ್ಲರೂ ಎಡವೋದು ಇಲ್ಲೇ" ಅಂದರು. ಅಳತೆ ಒಳಗಿದೆ ಅಂದ ಮಾತ್ರಕ್ಕೆ ಎಲ್ಲಿ ಬೇಕಾದರೂ ಹಿಡಿದುಕೊಂಡು ಹೋಗಬಹುದು ಅಂತ ಅಲ್ಲ. ವಿಮಾನದ ಕ್ಯಾಬಿನ್ನಿಗೆ ಒಯ್ಯುವ ಹಾಗಿಲ್ಲ. ಗಲಾಟೆ ಆದಾಗ, ಚುನಾವಣೆ ಬಂದಾಗ ನಿಷೇಧಾಜ್ಞೆ ಹಾಕುತ್ತಾರೆ. ಹಿಂದೆ 144 ಅನ್ನುತ್ತಿದ್ದೆವಲ್ಲ, ಅದು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 163. ಆಯುಧ ಒಯ್ಯಬಾರದು ಅಂತ ಆಜ್ಞೆಯಲ್ಲಿ ಇದ್ದರೆ ಚೀಲದಲ್ಲಿರುವ ಚಾಕುವಿಗೂ ಉತ್ತರ ಹೇಳಬೇಕಾಗುತ್ತದೆ. ಪಕ್ಕದ ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಅನ್ನೋ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ ಅಂತ ಕೇಳಿದೆ. ಇದೆ, 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದ್ದಾರೆ, ಆದರೆ ಅದು ಅವರಿಗೆ ಮಾತ್ರ, ಹಾಸನದ ನಮಗೆ ಅನ್ವಯಿಸುವುದಿಲ್ಲ ಅಂದರು.

ಮುಖ್ಯವಾದದ್ದು ಆಮೇಲೆ ಬಂತು. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆತ್ಮರಕ್ಷಣೆಯ ಹಕ್ಕು ಅದರಲ್ಲಿ ಸೆಕ್ಷನ್ 34ರಿಂದ 44ರವರೆಗೆ. ನನ್ನ ಮೇಲೆ ಬಂದವರನ್ನು ತಡೆಯುವ ಹಕ್ಕು ನನಗಿದೆ. ನನಗೆ ಪೆಟ್ಟು ಬೀಳುವವರೆಗೆ ಕಾಯಬೇಕಿಲ್ಲ. ಅಪಾಯ ಇದೆ ಅಂತ ಯಾರಿಗಾದರೂ ಅನಿಸುವಂಥ ಭಯ ಹುಟ್ಟಿದ ಕ್ಷಣದಿಂದ ಹಕ್ಕು ಶುರು. ಭಯ ಇರುವವರೆಗೆ ಮಾತ್ರ ಅದು ಇರುತ್ತದೆ. ಇದು ಸೆಕ್ಷನ್ 40. ಪೊಲೀಸರ ನೆರವು ಪಡೆಯಲು ಸಮಯ ಇತ್ತು ಅಂದರೆ ಹಕ್ಕು ಇಲ್ಲ, ತಡೆಯಲು ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ನೋವು ಮಾಡುವ ಹಾಗೂ ಇಲ್ಲ. ಇದು 37. ಕೊಲೆ, ತೀವ್ರ ಗಾಯ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿ, ಇಂಥ ಭಯ ಇದ್ದರೆ ಎದುರಿನವನ ಜೀವ ಹೋಗುವವರೆಗೂ ಹಕ್ಕು ಹಿಗ್ಗುತ್ತದೆ. ಅದು 38.

"ಈಗ ನಿನ್ನ ಬೈಕಿನವರ ವಿಷಯಕ್ಕೆ ಬಾ. ಅವನು ಕೈ ಹಿಡಿದ, ನೀನು ಕೈಗೆ ಗೀರಿದೆ, ಅವನು ಬಿಟ್ಟು ಓಡಿದ. ಅಲ್ಲಿವರೆಗೆ ಕಾನೂನು ನಿನ್ನ ಜೊತೆ ಇದೆ. ಓಡೋನ ಹಿಂದೆ ಎರಡು ಹೆಜ್ಜೆ ಹೋಗಿ ಬೆನ್ನಿಗೆ ಹಾಕಿದೆ ಅಂದ್ಕೋ. ಆ ಎರಡು ಹೆಜ್ಜೆಗೆ ನೀನು ಆರೋಪಿ ಆಗ್ತೀಯ."

ಹರಿತವಾದ ವಸ್ತುವಿನಿಂದ ಗಾಯ ಮಾಡಿದರೆ ಅದೇ ನ್ಯಾಯ ಸಂಹಿತೆಯ ಸೆಕ್ಷನ್ 118. ಸಾಮಾನ್ಯ ಗಾಯಕ್ಕೆ 3 ವರ್ಷದವರೆಗೆ, ತೀವ್ರ ಗಾಯಕ್ಕೆ ಕನಿಷ್ಠ 1 ವರ್ಷದಿಂದ ಹಿಡಿದು ಜೀವಾವಧಿಯವರೆಗೆ ಶಿಕ್ಷೆ ಇದೆ. ಆತ್ಮರಕ್ಷಣೆಗೆ ಮಾಡಿದೆ ಅಂತ ತೋರಿಸುವ ಹೊರೆ ನನ್ನ ಮೇಲೆ. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 108ನೇ ಸೆಕ್ಷನ್ ಹಾಗೆ ಹೇಳುತ್ತದೆ. ಆದರೆ ಸಂಶಯಕ್ಕೆ ಎಡೆ ಇಲ್ಲದ ಹಾಗೆ ಸಾಬೀತು ಮಾಡಬೇಕಿಲ್ಲ, ಹೀಗೇ ನಡೆದಿರುವ ಸಾಧ್ಯತೆ ಹೆಚ್ಚು ಅಂತ ಕಂಡರೆ ಸಾಕು. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕಿನ ಬಗ್ಗೆ 10 ಸೂತ್ರಗಳನ್ನೇ ಪಟ್ಟಿ ಮಾಡಿದೆ. ಪೆಟ್ಟು ತಿನ್ನುತ್ತಿರುವವರು ಇಂಚಿಂಚು ಲೆಕ್ಕ ಹಾಕಿ ಎದುರು ಹೊಡೆಯಬೇಕು ಅಂತ ಬಯಸಲಾಗದು ಅನ್ನುವುದು ಅದರಲ್ಲಿ ಒಂದು. ನಾವೇ ಮೈಮೇಲೆ ಎಳೆದುಕೊಂಡ ಅಪಾಯಕ್ಕೆ ಈ ಹಕ್ಕು ಇಲ್ಲ ಅನ್ನುವುದು ಇನ್ನೊಂದು.

ಹಾಗಾದರೆ ಪೆಪ್ಪರ್ ಸ್ಪ್ರೇ ಸಾಕಾ ಅಂದೆ. ಅದಕ್ಕೆ ಲೈಸೆನ್ಸ್ ಬೇಡ. ಆದರೆ 2024ರಲ್ಲಿ ನಮ್ಮ ಹೈಕೋರ್ಟ್ ಮುಂದೆ ಪೆಪ್ಪರ್ ಸ್ಪ್ರೇ ಹೊಡೆದವರ ಒಂದು ಪ್ರಕರಣ ಬಂತಂತೆ. ಆತ್ಮರಕ್ಷಣೆಗೆ ಹೊಡೆದೆವು ಅಂದರೂ ಕೋರ್ಟ್ ಕೇಸು ರದ್ದು ಮಾಡಲಿಲ್ಲ. ಅದನ್ನೂ ಅಪಾಯಕಾರಿ ಆಯುಧ ಅಂತಲೇ ನೋಡಿತು. "ಕೈಯಲ್ಲಿ ಏನಿದೆ ಅನ್ನೋದು ಆಮೇಲಿನ ಮಾತು. ಆ ನಿಮಿಷದಲ್ಲಿ ಅದರ ಅಗತ್ಯ ಇತ್ತಾ? ಅದೇ ಪ್ರಶ್ನೆ" ಅಂದರು ಮೇಡಂ.

ಹೊರಡುವಾಗ ಅವರು ಹೇಳಿದ ಇನ್ನೆರಡು ವಿಷಯ ಎಲ್ಲ ಹೆಂಗಸರಿಗೂ ಗೊತ್ತಿರಬೇಕು. ಒಂದು, ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಹಾಗಿದೆ. ಜಿಲ್ಲಾ ಕೋರ್ಟಿನ ಪ್ರಾಧಿಕಾರಕ್ಕೆ ಹೋಗಬಹುದು, ಅಥವಾ 15100ಕ್ಕೆ ಫೋನ್ ಮಾಡಬಹುದು. ಎರಡು, ಏನಾದರೂ ನಡೆದರೆ ಮೊದಲು 112ಕ್ಕೆ ನಾನೇ ಫೋನ್ ಮಾಡಬೇಕು. ವಸ್ತುವನ್ನು ತೊಳೆಯಬಾರದು, ಬಚ್ಚಿಡಬಾರದು. ಆಸ್ಪತ್ರೆಗೆ ಹೋಗಿ ನನ್ನ ಗಾಯ, ಗೀರು ಎಲ್ಲ ದಾಖಲೆ ಮಾಡಿಸಬೇಕು. ಯಾವ ಠಾಣೆಯ ಸರಹದ್ದು ಅಂತ ನೋಡದೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇಲ್ಲದ್ದನ್ನು ಸೇರಿಸಬಾರದು. "ಓಡಿಹೋದೆ ಅಂತ ಹೇಳೋಕೆ ನಾಚಿಕೆ ಪಡಬೇಡ. ಓಡೋಕೆ ನೋಡಿದ್ಲು, ಬಿಡಲಿಲ್ಲ ಅನ್ನೋದು ನಿನ್ನ ಪರವಾಗಿರೋ ಗಟ್ಟಿ ಸಾಕ್ಷಿ."

ಅಂದರೆ ಜನವರಿಯ ರಾತ್ರಿ ನಾನು ಮಾಡಿದ್ದು ಸರಿಯಾಗಿತ್ತು. ಅದನ್ನು ಒಬ್ಬರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ.

ಮೇಡಂ ಅವರೇ ಒಂದು ತರಬೇತಿ ಬಗ್ಗೆ ಹೇಳಿದ್ದರು. ಹಾಸನದಲ್ಲೇ ಭಾನುವಾರ ಬೆಳಿಗ್ಗೆ, ಒಬ್ಬರು ಕರಾಟೆ ಮೇಷ್ಟ್ರು ದೊಡ್ಡವರಿಗೆ ಬೇರೆ ಕ್ಲಾಸು ಮಾಡುತ್ತಾರೆ. ಫಿಲಿಪ್ಪೀನ್ಸಿನ ಆರ್ನಿಸ್ ಅನ್ನೋ ಸಮರಕಲೆ ಕಲಿತವರು. ಕೋಲು, ಚಾಕು ಎರಡನ್ನೂ ಅದರಲ್ಲಿ ಮೊದಲಿನಿಂದ ಕಲಿಸುತ್ತಾರಂತೆ. 2009ರಲ್ಲಿ ಆ ದೇಶ ಅದನ್ನು ರಾಷ್ಟ್ರೀಯ ಕ್ರೀಡೆ ಅಂತ ಕಾನೂನು ಮಾಡಿದೆ. ಫೆಬ್ರವರಿಯಿಂದ ಹನ್ನೆರಡು ಭಾನುವಾರ ಹೋದೆ. ಹತ್ತು ಜನ ಇದ್ದೆವು. ನರ್ಸ್ ಒಬ್ಬರು, ಬ್ಯಾಂಕಿನವರು ಇಬ್ಬರು, ಕಾಲೇಜು ಹುಡುಗಿಯರು, ರಾತ್ರಿ ಆಟೋ ಓಡಿಸುವ ಒಬ್ಬರು.

ಮೊದಲ ದಿನ ಸರ್ ಕೇಳಿದ್ದೂ ಅದೇ ಪ್ರಶ್ನೆ, ಬೇರೆ ಮಾತಿನಲ್ಲಿ. "ಇಲ್ಲಿಂದ ಕಲಿತು ಏನು ಮಾಡಬೇಕು ಅಂತಿದ್ದೀರಿ ಮೇಡಂ?" "ಮನೆ ಮುಟ್ಟಬೇಕು ಸರ್" ಅಂದೆ. ಅವರು ತಲೆ ಆಡಿಸಿ, "ಅದನ್ನೇ ಕಲಿಯೋಣ" ಅಂದರು.

ನಾನು ಚಾಕು ತರಬೇತಿ ಅಂದರೆ ಹೇಗೆ ಹಿಡಿಯಬೇಕು, ಎಲ್ಲಿಗೆ ಹಾಕಬೇಕು ಅಂತ ಇರುತ್ತದೆ ಅಂದುಕೊಂಡಿದ್ದೆ. ಮೊದಲ ಮೂರು ವಾರ ಚಾಕು ಕೈಗೇ ಕೊಡಲಿಲ್ಲ. ನಿಲ್ಲುವುದು, ಕೈ ಎದೆಯ ಮಟ್ಟಕ್ಕೆ ಎತ್ತಿ ಅಂಗೈ ತೋರಿಸುವುದು, ಹೊಟ್ಟೆಯಿಂದ ಕೂಗುವುದು. ಕೂಗುವುದು ನಮಗೆ ಬಹಳ ಕಷ್ಟವಾಯಿತು. ಹತ್ತು ಜನರಲ್ಲಿ ಎಂಟು ಜನರ ಗಂಟಲಿಂದ ದನಿಯೇ ಹೊರಡಲಿಲ್ಲ. ಚಿಕ್ಕಂದಿನಿಂದ ಮೆತ್ತಗೆ ಮಾತಾಡು ಅಂತ ಹೇಳಿಸಿಕೊಂಡು ಬೆಳೆದವರು ನಾವು. "ಹಿಂದೆ ಸರಿ! ಹತ್ರ ಬರಬೇಡ!" ಅಂತ ನೂರು ಸಲ ಕೂಗಿಸಿದರು. ಕೂಗಿದರೆ ಎರಡು ಲಾಭ. ಎದುರಿನವನು ಒಂದು ಕ್ಷಣ ತಡೆಯುತ್ತಾನೆ. ಸುತ್ತ ಇದ್ದವರ ಕಿವಿಗೆ ನೀವು ಬೇಡ ಅಂದದ್ದು ಬೀಳುತ್ತದೆ, ಅವರು ನಾಳೆ ಸಾಕ್ಷಿ.

ನಾಲ್ಕನೇ ವಾರ ಚಾಕು ಬಂತು. ರಬ್ಬರಿನದು. ಅದರ ಬಾಯಿಗೆ ಉದ್ದಕ್ಕೂ ಕುಂಕುಮ ಕಲಸಿ ಹಚ್ಚಿದ್ದರು. ನಮಗೆಲ್ಲ ಬಿಳಿ ಬನಿಯನ್ ಹಾಕಿಸಿದ್ದರು. ಇಬ್ಬಿಬ್ಬರ ಜೋಡಿ. ಮೊದಲು ಒಬ್ಬರ ಕೈಯಲ್ಲಿ ಮಾತ್ರ ಚಾಕು. ಇನ್ನೊಬ್ಬರು ತಪ್ಪಿಸಿಕೊಳ್ಳಬೇಕು. ಹತ್ತು ಸೆಕೆಂಡು. ಶಿಳ್ಳೆ ಊದಿದ ಮೇಲೆ ನನ್ನ ಮೈ ನೋಡಿಕೊಂಡೆ. ಮುಂಗೈ ತುಂಬಾ ಕೆಂಪು. ಹೊಟ್ಟೆ ಮೇಲೆ ಮೂರು ಗೆರೆ, ಕುತ್ತಿಗೆ ಪಕ್ಕ ಒಂದು. ಯಾವಾಗ ಬಿತ್ತು ಅಂತ ಒಂದೂ ಗೊತ್ತಾಗಿರಲಿಲ್ಲ. ಆಮೇಲೆ ಇಬ್ಬರ ಕೈಗೂ ಚಾಕು ಕೊಟ್ಟರು. ನಾನು ಈಗ ಗೆಲ್ಲುತ್ತೇನೆ ಅಂದುಕೊಂಡೆ. ಇಬ್ಬರ ಬನಿಯನ್ನೂ ಕೆಂಪಾಯಿತು. ನನ್ನದರಲ್ಲಿ ಗೆರೆ ಮೊದಲಿಗಿಂತ ಜಾಸ್ತಿ. ಚಾಕು ಕೈಯಲ್ಲಿದೆ ಅನ್ನೋ ಧೈರ್ಯಕ್ಕೆ ನಾನು ಹಿಂದೆ ಸರಿಯುವುದನ್ನೇ ಬಿಟ್ಟಿದ್ದೆ.

ಆ ಬನಿಯನ್ ಇನ್ನೂ ನನ್ನ ಬೀರುವಿನಲ್ಲಿದೆ. ಒಗೆದಿಲ್ಲ.

ಮುಂದಿನ ಭಾನುವಾರ ದೂರದ ಪಾಠ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಡೆನಿಸ್ ಟುಲ್ಲರ್ ಅಂತ ಒಬ್ಬ ಪೊಲೀಸ್ ತರಬೇತುದಾರ ಇದ್ದರು. ಚಾಕು ಹಿಡಿದವನು ಓಡಿ ಬಂದರೆ 21 ಅಡಿ ದಾಟಲು ಸುಮಾರು ಒಂದೂವರೆ ಸೆಕೆಂಡು ಸಾಕು, ಸೊಂಟದಿಂದ ಪಿಸ್ತೂಲು ತೆಗೆದು ಹೊಡೆಯಲು ಪೊಲೀಸರಿಗೂ ಅಷ್ಟೇ ಸಮಯ ಬೇಕು ಅಂತ 1983ರಲ್ಲಿ ಬರೆದರು. ಇದನ್ನು ಹೇಳಿ ಸರ್ ನೆಲದ ಮೇಲೆ ಸುಣ್ಣದಲ್ಲಿ 21 ಅಡಿ ಗೆರೆ ಎಳೆದರು. ಆ ತುದಿಯಲ್ಲಿ ಕಾಲೇಜು ಹುಡುಗಿ ನಿಂತಳು. ಈ ತುದಿಯಲ್ಲಿ ನಾನು, ನನ್ನ ದಿನದ ಕೈಚೀಲದ ಜೊತೆ. ಚೀಲದೊಳಗೆ ರಬ್ಬರ್ ಚಾಕು. ಊಟದ ಡಬ್ಬಿ, ನೀರಿನ ಬಾಟಲಿ, ಕೊಡೆ, ಎಲ್ಲ ಎಂದಿನ ಹಾಗೇ. ಅವಳು ಓಡಿ ಬಂದು ನನ್ನ ಭುಜ ಮುಟ್ಟಿದಾಗ ನನ್ನ ಕೈ ಜಿಪ್ಪಿನ ಮೇಲಿತ್ತು. ನಾಲ್ಕು ಸಲ ಮಾಡಿದೆವು. ನಾಲ್ಕು ಸಲವೂ ಅದೇ. ಒಬ್ಬಳೇ ನಿಂತು, ಗಡಿಬಿಡಿ ಇಲ್ಲದೆ ಚಾಕು ತೆಗೆದರೂ ಮೊಬೈಲಿನ ಗಡಿಯಾರ ಐದು ಸೆಕೆಂಡು ತೋರಿಸಿತು. ಹೆದರಿದಾಗ ಎದೆ ಹೊಡೆದುಕೊಂಡು ಬೆರಳುಗಳ ಸೂಕ್ಷ್ಮ ಕೆಲಸ ನಿಂತುಹೋಗುತ್ತದೆ, ಕಣ್ಣು ಒಂದೇ ಕಡೆ ನೆಡುತ್ತದೆ ಅಂತ ಸರ್ ಹೇಳಿದರು. ಚೀಲದ ತಳದಲ್ಲಿರುವ ಚಾಕು ಮನೆಯಲ್ಲಿದ್ದ ಹಾಗೇ ಲೆಕ್ಕ.

ಅದೇ ತಿಂಗಳು ಮಕ್ಕಳನ್ನು ಕರೆದುಕೊಂಡು ಬೇಲೂರಿಗೆ ಹೋಗಿದ್ದೆ. ಬಾಗಿಲಿನ ಎರಡೂ ಕಡೆ ಮೃಗದ ಜೊತೆ ಕಾದಾಡುವ ಸಳ ಇದ್ದಾನಲ್ಲ, ಎಷ್ಟೋ ಸಲ ನೋಡಿದ್ದೆ. ಈ ಸಲ ಕಣ್ಣಿಗೆ ಬಿದ್ದದ್ದು ಬೇರೆ. ಅವನ ಕೈಯಲ್ಲಿರುವ ಅಲಗು ಗಿಡ್ಡ. ಅದಕ್ಕೇ ಅವನು ಅದರ ಪಂಜಕ್ಕೆ ಸಿಗುವಷ್ಟು ಹತ್ತಿರ ನಿಂತಿದ್ದಾನೆ. ಗಿಡ್ಡ ಅಲಗು ಹಿಡಿದವರು ಅಷ್ಟು ಹತ್ತಿರ ಹೋಗಲೇಬೇಕು. ನನಗೆ ಬೇಕಾಗಿದ್ದು ದೂರ.

ಉಳಿದ ವಾರಗಳಲ್ಲಿ ದೂರ ಮಾಡಿಕೊಳ್ಳುವುದನ್ನೇ ಕಲಿತೆವು. ಮಣಿಕಟ್ಟು ಹಿಡಿದರೆ ಅವನ ಹೆಬ್ಬೆರಳಿನ ಕಡೆಗೆ ತಿರುಗಿಸಿ ಬಿಡಿಸಿಕೊಳ್ಳುವುದು. ಚೀಲವನ್ನು, ಬಿಚ್ಚದ ಕೊಡೆಯನ್ನು ನಡುವೆ ಅಡ್ಡ ಹಿಡಿಯುವುದು. ಬಿದ್ದರೆ ತಲೆ ನೆಲಕ್ಕೆ ಬಡಿಯದ ಹಾಗೆ ಬೀಳುವುದು, ಕಾಲು ಅವನ ಕಡೆ ಮಾಡಿ ಏಳುವುದು. ಟಾರ್ಚನ್ನು ಮುಖಕ್ಕೆ ಹಾಕಿ ಪಕ್ಕಕ್ಕೆ ಸರಿಯುವುದು. ಪ್ರತಿ ಆಟದ ಕೊನೆಯೂ ಒಂದೇ. ಬಾಗಿಲಿನವರೆಗೆ ಓಡಬೇಕು. ಬಾಗಿಲು ಮುಟ್ಟಿದವರು ಗೆದ್ದರು. ಎದುರಿನವರಿಗೆ ಎಷ್ಟು ಪೆಟ್ಟು ಬಿತ್ತು ಅಂತ ಸರ್ ಒಮ್ಮೆಯೂ ಎಣಿಸಲಿಲ್ಲ.

ಒಂದು ಭಾನುವಾರ ಪೂರ್ತಿ ನಮ್ಮ ನರ್ಸ್ ಅಕ್ಕನೇ ಪಾಠ ಮಾಡಿದರು. ರಕ್ತ ನಿಲ್ಲಿಸುವುದು. ಗಾಯದ ಮೇಲೆ ಬಟ್ಟೆ ಇಟ್ಟು ಎರಡೂ ಕೈಯಿಂದ ಭಾರ ಬಿಟ್ಟು ಒತ್ತಬೇಕು. ನಿಂತಿತಾ ಅಂತ ಎತ್ತಿ ಎತ್ತಿ ನೋಡಬಾರದು. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು. ಚುಚ್ಚಿಕೊಂಡದ್ದು ಒಳಗೇ ಇದ್ದರೆ ಕೀಳಬಾರದು. 108ಕ್ಕೆ ಫೋನ್. ಚಾಕುವಿನ ಬಗ್ಗೆ ಮಾತಾಡುವವರು ಇದನ್ನು ಕಲಿಯದೆ ಇರುವುದು ತಪ್ಪು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ತೋಟದಲ್ಲಿ ಕತ್ತಿ ತಾಗಿ ಗಾಯವಾಗುವುದು ನಮಗೆ ಹೊಸದಲ್ಲ. ಏಪ್ರಿಲ್‌ನಲ್ಲಿ ಮರಗಸಿ ಮಾಡುವಾಗ ಒಬ್ಬ ಹುಡುಗನ ಮೊಣಕಾಲಿನ ಕೆಳಗೆ ಕತ್ತಿ ಬಿತ್ತು. ನನ್ನ ಟವೆಲ್ ಮಡಚಿಟ್ಟು ಆಸ್ಪತ್ರೆ ಮುಟ್ಟುವವರೆಗೆ ಒತ್ತಿ ಹಿಡಿದಿದ್ದೆ. ಹನ್ನೆರಡು ಭಾನುವಾರದಲ್ಲಿ ಕಲಿತದ್ದರಲ್ಲಿ ಮೊದಲು ಕೆಲಸಕ್ಕೆ ಬಂದದ್ದು ಅದೇ.

ಇಷ್ಟೆಲ್ಲ ನಡೆಯುವ ನಡುವೆ ಮಾರ್ಚ್‌ನಲ್ಲಿ ಮತ್ತೆ ಕುಲುಮೆಗೆ ಹೋದೆ. ಕೊಯ್ಲು ಮುಗಿದು ಗಿಡ ಕಸಿ ಮಾಡುವ ಕಾಲ. "ಕಸಿಗೆ, ಚಿಗುರು ತೆಗೆಯೋಕೆ ಒಂದು ಚಾಕು ಮಾಡಿಕೊಡಿ ಆಚಾರ್ರೇ. ನನ್ನ ಕೈ ಅಳತೆಗೆ" ಅಂದೆ. ಅವರು ನನ್ನ ಮುಖ ನೋಡಿದರು. ನಿಜವನ್ನೇ ಹೇಳುತ್ತಿದ್ದೇನೆ ಅಂತ ಗೊತ್ತಾಗಿರಬೇಕು. ಅಂಗೈ ಚಾಚಲು ಹೇಳಿ, ಬೆರಳಿಗೆ ದಾರ ಸುತ್ತಿ ಅಳತೆ ತೆಗೆದುಕೊಂಡರು.

ನಾನು ಅರ್ಧ ದಿನ ಕೂತು ನೋಡಿದೆ. ಹಳೇ ಲಾರಿಯ ಸ್ಪ್ರಿಂಗ್ ಪ್ಲೇಟಿನ ತುಂಡು. ಬಾಗಿ ಬಾಗಿ ಮುರಿಯದೆ ಇರಲು ಮಾಡಿದ ಉಕ್ಕು ಅದು, ಅದಕ್ಕೇ ಅಲಗಿಗೆ ಒಳ್ಳೆಯದು. ಇದ್ದಿಲಿನಲ್ಲಿ ಕೆಂಪಗೆ ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು ಮಗ ಬಡಿದ. ಅಪ್ಪ ಚಿಕ್ಕ ಸುತ್ತಿಗೆಯಿಂದ ಎಲ್ಲಿಗೆ ಪೆಟ್ಟು ಬೀಳಬೇಕು ಅಂತ ತೋರಿಸಿದರು. ಆಕಾರ ಬಂದ ಮೇಲೆ ಕುಲುಮೆಯ ಬಾಗಿಲು ಎಳೆದು ಕತ್ತಲು ಮಾಡಿದರು. ಹದ ಹಾಕುವಾಗ ಬಣ್ಣ ಸರಿಯಾಗಿ ಕಾಣಬೇಕು, ಬಿಸಿಲಿನಲ್ಲಿ ಕಣ್ಣು ಮೋಸ ಹೋಗುತ್ತದೆ. ಬಾಯಿಯ ಕಡೆ ಮಾತ್ರ ಎಣ್ಣೆಗೆ ಇಳಿಸಿದರು. ಅಂಚು ಗಟ್ಟಿ, ಬೆನ್ನು ಮೆತ್ತಗೆ ಉಳಿಯುತ್ತದೆ. ಪೂರ್ತಿ ಗಟ್ಟಿ ಮಾಡಿದರೆ ಗಾಜಿನ ಹಾಗೆ ಚಟಕ್ ಅಂತ ಮುರಿಯುತ್ತದೆ. ಆಮೇಲೆ ಅಂಚನ್ನು ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಸಣ್ಣ ಬಿಸಿ ಕೊಟ್ಟರು. ಒಣಹುಲ್ಲಿನ ಬಣ್ಣ ಓಡಿ ಬರುತ್ತಿದ್ದ ಹಾಗೆ ತೆಗೆದರು.

ಅಲಗು ನಾಲ್ಕೂವರೆ ಇಂಚು. ಅಗಲ ಒಂದು ಇಂಚಿಗೆ ಸ್ವಲ್ಪ ಹೆಚ್ಚು. ಒಂದೇ ಬಾಯಿ. ಮೂತಿ ಕೆಳಕ್ಕೆ ಬಾಗಿದೆ, ಚಿಗುರನ್ನು ಬುಡದಿಂದ ಎಳೆದು ಕೊಯ್ಯಲು. ಅಲಗಿನ ಉಕ್ಕು ಹಿಡಿಯ ತುದಿವರೆಗೂ ಹೋಗಿದೆ. ಹಿಡಿ ಹಳೇ ಕಾಫಿ ಬೊಡ್ಡೆಯದು, ಕಲ್ಲಿನಂಥ ಮರ. ಗುಂಡಗಿಲ್ಲ, ಮೊಟ್ಟೆಯ ಹಾಗೆ ಉದ್ದುದ್ದ. "ಕತ್ತಲಲ್ಲೂ ಬಾಯಿ ಯಾವ ಕಡೆ ಅಂತ ಕೈಗೆ ಗೊತ್ತಾಗ್ಬೇಕು" ಅಂದರು. ಅಲಗು ಶುರುವಾಗುವಲ್ಲಿ ಹಿಡಿಗೆ ಒಂದು ಉಬ್ಬು ಬಿಟ್ಟಿದ್ದಾರೆ. ಮಳೆಗಾಲದಲ್ಲಿ ಕೈ ಒದ್ದೆ ಇರುತ್ತದೆ. ಅಲಗು ಗಂಟಿಗೆ ಸಿಕ್ಕಿ ನಿಂತರೆ ಬೆರಳು ಜಾರಿ ಬಾಯಿ ಮೇಲೆ ಹೋಗುತ್ತದೆ, ಅದನ್ನು ಈ ಉಬ್ಬು ತಡೆಯುತ್ತದೆ. ಅಡುಗೆಮನೆಯ ಚಾಕು ಹಿಡಿದು ಹೊಡೆದಾಡಿದವರ ಬೆರಳುಗಳೇ ಹೆಚ್ಚಾಗಿ ಕೊಯ್ದಿರುತ್ತವೆ ಅಂತ ಸರ್ ಹೇಳಿದ್ದು ಆಗ ನೆನಪಾಯಿತು. ದನದ ಚರ್ಮದ ಒರೆ ಬೇರೆಯವರ ಹತ್ತಿರ ಹೊಲಿಸಿದೆ. ಎಲ್ಲ ಸೇರಿ ಒಂಬೈನೂರು ರೂಪಾಯಿ.

ಆ ಚಾಕು ಹಾಸನಕ್ಕೆ ಬರುವುದಿಲ್ಲ. ತೋಟದ ಬಾಗಿಲಿನ ಹಿಂದೆ, ಕತ್ತಿ, ಗುದ್ದಲಿಗಳ ಜೊತೆ ಮೊಳೆಗೆ ತೂಗಿರುತ್ತದೆ. ಬಸ್ಸಿಗೆ ಹೋಗುವಾಗ ನನ್ನ ಬಲಗೈಯಲ್ಲಿ ಟಾರ್ಚು ಇರುತ್ತದೆ, ಚೀಲದಲ್ಲಿ ಅಲ್ಲ. ಕೊರಳಿಗೆ ಶಿಳ್ಳೆ. ಬಸ್ಸು ಇಳಿದ ತಕ್ಷಣ ನಮ್ಮನೆಯವರಿಗೆ ಒಂದು ರಿಂಗ್ ಕೊಡುತ್ತೇನೆ. ಹದಿನೈದು ನಿಮಿಷದಲ್ಲಿ ಬರದಿದ್ದರೆ ಅವರು ಹೊರಡುತ್ತಾರೆ. ಲೈನಿನ ಹೆಂಗಸರ ಜೊತೆ ಮಾತಾಡಿ, ಶಿಳ್ಳೆ ಕೇಳಿದರೆ ಎಲ್ಲರೂ ದೀಪ ಹಾಕಿ ಹೊರಗೆ ಬರಬೇಕು ಅಂತ ಮಾಡಿಕೊಂಡಿದ್ದೇವೆ. ಅವರ ಇಬ್ಬರು ಹೆಣ್ಣುಮಕ್ಕಳಿಗೆ ನಾನೇ ಕೂಗುವುದು, ಕೈ ಬಿಡಿಸಿಕೊಳ್ಳುವುದು ಹೇಳಿಕೊಡುತ್ತಿದ್ದೇನೆ. ತಿರುವಿನಲ್ಲಿ ಒಂದು ಬೀದಿದೀಪಕ್ಕೆ ಪಂಚಾಯ್ತಿಗೆ ಎರಡು ಸಲ ಅರ್ಜಿ ಕೊಟ್ಟಿದ್ದೇವೆ. ಇನ್ನೂ ಬಂದಿಲ್ಲ. ಮೂರನೆಯದು ಬರೆದಿಟ್ಟಿದ್ದೇನೆ.

ಬೈಕಿನವರು ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ. ಆ ತಿರುವಿನಲ್ಲಿ ಈಗಲೂ ಎದೆ ಒಮ್ಮೆ ಹೊಡೆದುಕೊಳ್ಳುತ್ತದೆ. ಆದರೆ ಅಲ್ಲಿಂದ ಲೈನ್ ಮನೆಗೆ ಎಷ್ಟು ಹೆಜ್ಜೆ ಅಂತ ನನಗೆ ಗೊತ್ತು. ನೂರಾ ನಲವತ್ತು.

ಮಳೆ ಶುರುವಾಗುವ ಮುಂಚೆ ಚಾಕು ಸಾಣೆಗೆ ಕೊಡಲು ಕುಲುಮೆಗೆ ಹೋದೆ. ಆಚಾರ್ರು ಒರೆಯಿಂದ ತೆಗೆದು, ಕನ್ನಡಕ ಏರಿಸಿ, ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿದರು. ಅಲಗಿಗೆ ಕಾಫಿ ಚಿಗುರಿನ ಕಪ್ಪು ರಸ ಅಂಟಿ ಒಣಗಿತ್ತು. ಹೆಬ್ಬೆರಳಿನಿಂದ ಅದನ್ನು ಸವರಿದರು. "ಒಳ್ಳೆ ಕೆಲಸ ಮಾಡೀದೆ" ಅಂತ ಹೇಳಿ ಕಲ್ಲಿಗೆ ನೀರು ಹಾಕಿದರು.